ತಂತಿಯ ಮೇಲಿನ ಬಟ್ಟೆ

ಆಗಸ್ಟ್ ಒಂಬತ್ತರ ಬೆಳಿಗ್ಗೆ, ನೆಲ್ಯಹುದಿಕೇರಿ ಬಳಿಯ ಶಾಲೆಯ ಶಿಕ್ಷಕಿ ದಿವ್ಯಶ್ರೀ ಠಾಣೆಗೆ ಬಂದು ದೂರು ಕೊಟ್ಟರು. ಪ್ರವಾಹ ಸಂತ್ರಸ್ತರಿದ್ದ ಆ ಶಾಲೆಯ ಸೋಲಾರ್ ಬ್ಯಾಟರಿ ಕಳುವಾಗಿತ್ತು. ಊರಿಗೆ ಕರೆಂಟಿಲ್ಲದೆ ವಾರವಾಗಿತ್ತು. ಕಾಂತಮ್ಮ ಎಂಬ ವೃದ್ಧೆಯ ಆಕ್ಸಿಜನ್ ಯಂತ್ರ ಓಡುತ್ತಿದ್ದುದು ಅದರಿಂದಲೇ. ಇದ್ದೊಂದು ಸಿಲಿಂಡರ್ ಸಂಜೆಯವರೆಗೆ ಬಂದರೆ ಹೆಚ್ಚು. ಇನ್ನೊಂದು ತರೋಣವೆಂದರೆ ಸುಂಟಿಕೊಪ್ಪದ ರಸ್ತೆಗೆ ಗುಡ್ಡ ಕುಸಿದಿತ್ತು.

ಎಫ್‌ಐಆರ್ ದಾಖಲಿಸಬೇಕಾದ ಕಂಪ್ಯೂಟರಿಗೂ ಕರೆಂಟಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಸುಮಿತಾ ದೂರನ್ನು ಕೈಯಲ್ಲೇ ಬರೆಸಿಕೊಂಡು ಹೊರಟರು.

ಶಾಲೆಯಲ್ಲಿ ಪಂಚನಾಮೆ ನಡೆಯಿತು. ಬ್ಯಾಟರಿಯಿದ್ದ ಕೋಣೆಗೆ ಬೀಗವಿರಲಿಲ್ಲ. ಫೋನ್ ಚಾರ್ಜಿಗೆಂದು ಸುತ್ತಲಿನವರೆಲ್ಲ ಬಂದುಹೋಗುತ್ತಿದ್ದರು.

"ಅನುಮಾನ ಬರೋ ಹಾಗೆ ಯಾರಾದ್ರೂ ಕಂಡ್ರಾ ಟೀಚರ್?" ಎಂದ ಕಾನ್‌ಸ್ಟೆಬಲ್ ಧರ್ಮೇಶ್.

"ಫೋನಿಂದ ತಲೆ ಎತ್ತಿದವರೇ ಇಲ್ಲ ಸಾರ್."

ಹಿತ್ತಲಿನ ಕೆಸರಿನಲ್ಲಿ ಕೈಗಾಡಿಯ ಒಂಟಿ ಚಕ್ರದ ಗುರುತಿತ್ತು. ಅದು ಪಕ್ಕದ ಎಸ್ಟೇಟಿನ ಕಾರ್ಮಿಕರಿರುವ ಲೈನ್ ಮನೆಗಳತ್ತ ಹೋಗಿತ್ತು. ಮನೆಮನೆ ಹುಡುಕಿದರು. ಏನೂ ಸಿಗಲಿಲ್ಲ. ಸುಮಿತಾ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡರು.

ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಿದ್ದಿತ್ತು. ಒದ್ದೆ ಬಟ್ಟೆಗಳೆಲ್ಲ ಕಾಫಿ ಗಿಡಗಳ ಮೇಲಿದ್ದವು. ಸುಮಿತಾ ಬಾಳೆಲೆ ಎಂಬ ಊರಿನಲ್ಲಿ, ಎಸ್ಟೇಟುಗಳ ನಡುವೆ ಬೆಳೆದವರು. ಆನೆ ತಡೆಯುವ ಕರೆಂಟ್ ಬೇಲಿ ಕೆಟ್ಟ ದಿನವೇ ಲೈನಿನ ಬಟ್ಟೆ ಅದರ ತಂತಿ ಏರುವುದನ್ನು ಕಂಡವರು. ಇಲ್ಲಿನ ಬೇಲಿ ಪ್ರವಾಹದಲ್ಲೇ ಸತ್ತಿದೆಯೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ್ದ. ಆದರೂ ಬೇಲಿಯ ತಂತಿಯ ಮೇಲೆ ಒಂದು ಕರ್ಚೀಫೂ ಇರಲಿಲ್ಲ.

"ಧರ್ಮೇಶ್, ಆ ತಂತಿ ಮುಟ್ಟಿ ನೋಡಿ."

"ನಾನಾ ಮೇಡಂ?"

ಹಸಿ ಹುಲ್ಲುಕಡ್ಡಿ ತಾಗಿಸಿದ ಧರ್ಮೇಶ್ ಹಿಂದಕ್ಕೆ ಹಾರಿದ. ಇಲಾಖೆಯ ಘನತೆಗೆ ತಕ್ಕ ಮಾತನ್ನೇನೂ ಆಡಲಿಲ್ಲ.

ತಂತಿಯ ಜಾಡು ಹಿಡಿದು ಹೋದರೆ ಬೇಲಿಗೆ ಕರೆಂಟ್ ಕೊಡುವ ಶೆಡ್. ಅಲ್ಲಿ ಶಾಲೆಯ ಹೆಸರು ಬರೆದ ಬ್ಯಾಟರಿ, ಪಕ್ಕದಲ್ಲಿ ಎಸ್ಟೇಟ್ ಕಾರ್ಮಿಕ ಮಾರಿ. ಅವನು ಓಡಲಿಲ್ಲ.

"ಯಾಕೋ ಇದನ್ನ ಇಲ್ಲಿಗೆ ತಂದೆ?"

"ಅಲ್ಲಿ ಬರೀ ಫೋನ್ ಚಾರ್ಜ್ ಮಾಡ್ತಿದ್ರು ಮೇಡಂ. ನಾನು ನೋಡಿದ್ದು ಅಷ್ಟೇ."

"ಕಾಂತಮ್ಮ ಉಸಿರಾಡ್ತಿದ್ದದ್ದೂ ಅದರಿಂದಾನೇ."

ಮಾರಿ ತಾನೇ ಬ್ಯಾಟರಿಯ ಕ್ಲಿಪ್ ಕಿತ್ತ. "ಬೇಗ ತಗೊಂಡೋಗಿ."

ಸಾಕ್ಷ್ಯವಾಗಿ ಠಾಣೆಗೆ ಹೋಗಬೇಕಿದ್ದ ಮುದ್ದೆಮಾಲು ಮೊದಲು ಶಾಲೆಗೆ ಹೋಯಿತು. ಯಂತ್ರ ಓಡುತ್ತಿದೆಯೆಂಬ ಸುದ್ದಿಯೊಂದಿಗೆ ಜೀಪು ಮರಳಿದ ಮೇಲೆ ಮಾರಿಯ ಬಂಧನ ದಾಖಲಾಯಿತು.

ಹೋದ ವರ್ಷ ಅವನ ಹೆಂಡತಿಯನ್ನು ಲೈನಿನ ನಲ್ಲಿಯ ಬಳಿಯೇ ಆನೆ ಕೊಂದಿತ್ತು. ಬೇಲಿ ಸತ್ತಂದಿನಿಂದ ಅವನ ಇಬ್ಬರು ಹೆಣ್ಣುಮಕ್ಕಳು ಕಣ್ಣು ಮುಚ್ಚಿರಲಿಲ್ಲ. ಲೈನಿಗೆ ನೀರು ನುಗ್ಗಿರದ ಕಾರಣ ಪರಿಹಾರ ಕೇಂದ್ರದಲ್ಲಿ ಅವರಿಗೆ ಜಾಗವಿಲ್ಲ. ಸರ್ಕಾರದ ಲೆಕ್ಕದಲ್ಲಿ ಆನೆ ಪ್ರವಾಹವಲ್ಲ.

ಸುಮಿತಾ ಆ ಹುಡುಗಿಯರನ್ನು ಶಾಲೆಗೆ ಬಿಡಲೆಂದು ಜೀಪಿಗೆ ಹತ್ತಿಸಿಕೊಂಡರು. ಉಳಿದವರಿಗಾಗಿ ಅರಣ್ಯ ಇಲಾಖೆಗೆ ಮತ್ತೆ ಮತ್ತೆ ಫೋನ್ ಮಾಡಿದರು. ಲೈನ್ ಸಿಗಲಿಲ್ಲ.

ಜೀಪು ತಿರುಗುವಾಗ ಹಿಂದೆ ನೋಡಿದರು. ಹೆಂಗಸೊಬ್ಬಳು ಒದ್ದೆ ಸೀರೆಯನ್ನು ಕಾಫಿ ಗಿಡದಿಂದ ತೆಗೆದು ತಂತಿಯ ಮೇಲೆ ಹರವುತ್ತಿದ್ದಳು.