ಫಕೀರಪ್ಪನ ಉಸಿರುಮನೆ

ಇದು ಸಸ್ಯಶಾಸ್ತ್ರವನ್ನು ಕ್ರಮವಾಗಿ ಓದಿದವರು ಹೇಳಬೇಕಾದ ಕಥೆ. ಅಂಥವರು ಯಾರೂ ಹೇಳದೆ ಬಿಟ್ಟದ್ದರಿಂದ ಇಲ್ಲಿ ಹೇಳುವ ಸಾಹಸ ಮಾಡಲಾಗಿದೆ. ಅನಿಲಗಳ ವಿಷಯದಲ್ಲಿ ಎಲ್ಲಾದರೂ ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು. ಮನುಷ್ಯರ ವಿಷಯದಲ್ಲಿ ತಪ್ಪಿದ್ದರೆ ಹಾಲವ್ವ ಕ್ಷಮಿಸಬೇಕು.

ಬೆಟಗೇರಿಯ ಆ ಓಣಿಯಲ್ಲಿ ಬೆಳಗಿನ ಬಿಸಿಲು ಗಾಜಿನ ಗೋಡೆಗೆ ತಾಗುತ್ತಿದ್ದಂತೆ ಉಸಿರುಮನೆ ಎಚ್ಚರಗೊಳ್ಳುತ್ತಿತ್ತು. ಮೊದಲು ಚಾವಣಿಯ ಗಾಜು ತಾನಾಗಿ ತಿಳಿನೀಲಿಗೆ ತಿರುಗಿ, ಬಿಸಿಲಿನ ಕಾವನ್ನು ಹೊರಗೇ ತಡೆದು, ಬೆಳಕನ್ನಷ್ಟೇ ಒಳಗೆ ಬಿಡುತ್ತಿತ್ತು. ಆಮೇಲೆ ಕುಂಡಗಳ ಬುಡಕ್ಕೆ ಹನಿಹನಿಯಾಗಿ ನೀರು ಬೀಳುತ್ತಿತ್ತು. ನೆಲದಿಂದ ಚಾವಣಿಯವರೆಗೆ ಹಲಗೆಯ ಮೇಲೆ ಹಲಗೆ ಜೋಡಿಸಿ ಇಟ್ಟ ದೊಡ್ಡಪತ್ರೆ, ತುಳಸಿ, ಬಸಳೆ, ಕರಿಬೇವು. ಅವುಗಳ ನಡುವೆ ಒಂದು ಕಬ್ಬಿಣದ ಮಂಚ, ಮಂಚದ ಮೇಲೆ ಫಕೀರಪ್ಪ. ಬಾಗಿಲ ನೆತ್ತಿಯಲ್ಲಿ ಅಂಗೈ ಅಗಲದ ಒಂದು ದೀಪ. ಒಳಗಿನ ಗಾಳಿಯನ್ನು ಸದಾ ಅಳೆಯುತ್ತಿದ್ದ ಆ ದೀಪಕ್ಕೆ ಉಸಿರುಗಣ್ಣು ಎಂದು ಹೆಸರು. ಅದು ಹಸಿರಾಗಿದ್ದರೆ ಒಳಗೆ ಎಲ್ಲ ಸರಿ ಎಂದು ಅವನ ಹೆಂಡತಿ ಹಾಲವ್ವ ಒಲೆ ಹಚ್ಚುತ್ತಿದ್ದಳು.

ಆ ಕಾಲಕ್ಕೆ ಹೋಳಿಹುಣ್ಣಿಮೆಯಿಂದ ಮಳೆಗಾಲದವರೆಗೆ ಊರ ಮೇಲೆ ಕೆಂಪು ಧೂಳು ನಿಂತೇ ಇರುತ್ತಿತ್ತು. ಗಟ್ಟಿಮುಟ್ಟಾದವರೇ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದರು. ಫಕೀರಪ್ಪನಂತೆ ಆಯುಷ್ಯವನ್ನೆಲ್ಲ ನೂಲಿನ ಗಿರಣಿಯಲ್ಲಿ ಕಳೆದು, ಪುಪ್ಪುಸದ ತುಂಬ ಅರಳೆಯ ಎಳೆ ತುಂಬಿಕೊಂಡವರಿಗೆ ಆ ಗಾಳಿ ವಿಷವೇ ಆಗಿತ್ತು. ಅಂಥವರಿಗಾಗಿ ವಿಜ್ಞಾನಿ ಸುನಂದಾ ಹೊಂಬಳ ಅವರು ಚುರುಕೆಲೆ ಎಂಬ ತಳಿಗಳನ್ನು ಕಂಡುಹಿಡಿದಿದ್ದರು. ನೋಡಲು ಮನೆಯಂಗಳದ ಸಾದಾ ಗಿಡಗಳೇ, ಆದರೆ ಒಂದೊಂದು ಎಲೆಯೂ ಒಂದು ಹೆಮ್ಮರದಷ್ಟು ಕೆಲಸ ಮಾಡುವಂಥದ್ದು. ರೋಗಿ ಬಿಟ್ಟ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯುವನ್ನು ಎಲೆಗಳು ಹೀರಿಕೊಂಡು ಆಮ್ಲಜನಕವನ್ನು ಮರಳಿ ಕೊಡುತ್ತಿದ್ದವು. ಹೊರಗಿನ ಗಾಳಿಗೆ ಪ್ರವೇಶವೇ ಇಲ್ಲ. ಒಬ್ಬ ಮನುಷ್ಯ, ಅವನಿಗೊಂದು ತೋಟ. ಇನ್ನೊಬ್ಬರು ಒಳಗೆ ಹೋದರೆ ರೋಗಿಯ ಪಾಲಿನ ಆಮ್ಲಜನಕದಲ್ಲಿ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ಆದ್ದರಿಂದ ಹಾಲವ್ವ ಊಟವನ್ನು ಗೋಡೆಯ ಜೋಡಿಕಿಂಡಿಯಲ್ಲಿ ಇಟ್ಟು ಈಚೆಯ ಮುಚ್ಚಳ ಹಾಕಬೇಕು, ಆಮೇಲೆ ಫಕೀರಪ್ಪ ಆಚೆಯ ಮುಚ್ಚಳ ತೆಗೆಯಬೇಕು.

ಮನೆಗೊಂದು ಗಾಜಿನ ತೋಟವಿದ್ದರೆ ಲಾಭವೇನು, ನಷ್ಟವೇನು ಎಂದು ಓಣಿಯವರು ಕಟ್ಟೆಯ ಮೇಲೆ ಕುಳಿತು ಚರ್ಚಿಸುತ್ತಿದ್ದರು. ಊರೆಲ್ಲ ಕೆಂಪಾದರೂ ಕಣ್ಣಿಗೆ ಹಸಿರು ಬೀಳುತ್ತದೆ, ಇಡೀ ಬೇಸಿಗೆ ಮನೆ ತಂಪಾಗಿರುತ್ತದೆ ಎಂದು ಒಬ್ಬರು. ಗಾಜು ಒರೆಸಿ ಒರೆಸಿ ಹಾಲವ್ವನ ಕೈ ಬಿದ್ದುಹೋಗಿದೆ, ಮೇಲಾಗಿ ಗಂಡ ಮಗ್ಗಲು ಬದಲಿಸಿದರೂ ಓಣಿಗೆಲ್ಲ ಕಾಣುತ್ತದೆ ಎಂದು ಇನ್ನೊಬ್ಬರು. ಹಾಲವ್ವ ಈ ಚರ್ಚೆಗೆ ಹೋಗುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಲಾಭ ಒಂದೇ: ಅವನಿದ್ದಾನೆ. ನಷ್ಟವೂ ಒಂದೇ: ಅವನ ಹಣೆ ಮುಟ್ಟಿ ನೋಡುವಂತಿಲ್ಲ.

ಮೊದಮೊದಲು ಫಕೀರಪ್ಪ ಒಳಗೆ ಕುಳಿತು ದಿನವಿಡೀ ಮಾತಾಡುತ್ತಿದ್ದ. ಗಿರಣಿಯಲ್ಲಿ ಯಂತ್ರಗಳ ಅಬ್ಬರಕ್ಕೆ ಮಾತು ಕಿವಿಗೆ ಬೀಳುವುದಿಲ್ಲ. ಅಲ್ಲಿ ದುಡಿದವರು ಒಂದೋ ಒಬ್ಬರ ತುಟಿ ನೋಡಿ ಇನ್ನೊಬ್ಬರ ಮಾತು ತಿಳಿದುಕೊಳ್ಳುತ್ತಾರೆ, ಇಲ್ಲವೇ ಕೂಗುತ್ತಾರೆ. ಫಕೀರಪ್ಪ ಕೂಗುವ ಪೈಕಿ. ಗಾಜಿನಾಚೆಯಿಂದ ಅವನು "ಹಾಲೀ, ಸಾರಿಗೆ ಉಪ್ಪು ನಿಮ್ಮಪ್ಪ ಹಾಕ್ತಾನೇನು?" ಎಂದರೆ ಓಣಿಯ ತುದಿಯ ಮನೆಯಲ್ಲೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆ ಕೂಗುತ್ತಲೇ ಅವನಿಗೆ ಕೆಮ್ಮು ಹತ್ತಿತು. ಹತ್ತಿದ್ದು ಬಿಡಲಿಲ್ಲ. ಮುಖ ಕಪ್ಪಿಟ್ಟಿತು. ಹಾಲವ್ವ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತು ನೋಡಿದಳು, ಬೇರೇನೂ ಮಾಡಲಾಗಲಿಲ್ಲ. ಕೆಮ್ಮು ನಿಂತ ಮೇಲೆ ಹೇಳಿದಳು: "ಇನ್ನ ಮಾತಾಡಬ್ಯಾಡ್ರಿ. ನಿಮಗ ಕೈ ಮುಗಿತೀನಿ. ಏನ ಬೇಕಾದ್ರೂ ಕೈಸನ್ನಿ ಮಾಡ್ರಿ. ಒಂದೊಂದ ಮಾತಿಗೂ ಒಂದೊಂದ ಉಸುರು ಹೋಗತೈತಿ."

ಅವನು ನಕ್ಕ. ಆಮೇಲೆ ಅವಳ ಮಾತು ಕೇಳಿದ. ಅವನು ಬಾಯಿ ತೆರೆದಾಗಲೆಲ್ಲ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣು ತುಂಬಿಕೊಳ್ಳುತ್ತಿದ್ದಳು. ದಿನ ಕಳೆದಂತೆ ಉಸಿರುಮನೆ ಮೌನವಾಯಿತು. ತಾನು ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಎಂದು ಹಾಲವ್ವನಿಗೆ ಅನ್ನಿಸುತ್ತಿತ್ತು. ಯಾರಿಗೆ ತಾನೆ ಅನ್ನಿಸುವುದಿಲ್ಲ?

ಆ ಮೌನದ ದಿನಗಳಲ್ಲೇ ಎದುರುಮನೆಯ ಹುಸೇನಬಿ ಬಂದಳು. ಫಕೀರಪ್ಪನ ಗಿರಣಿಯಲ್ಲೇ ನೂಲು ಸುತ್ತಿ ಮುದುಕಿಯಾದವಳು. ಗಾಜಿನ ಹತ್ತಿರ ಹೋಗಿ ಒಳಗೆ ಇಣುಕುತ್ತ, "ಹಾಲವ್ವಾ, ಮೊಮ್ಮಗಳಿಗೆ ಕೆಮ್ಮು ಕಟ್ಟಿಗೊಂಡೈತಿ. ಎರಡ ದೊಡ್ಡಪತ್ರಿ ಎಲಿ ಕೊಡವಾ, ಬಾಡಿಸಿ ರಸಾ ಹಾಕತೀನಿ" ಎಂದಳು.

ಎರಡು ಎಲೆ ಕೇಳಿದವರಿಗೆ ಇಲ್ಲವೆಂದ ಹೆಣ್ಣು ಆ ಓಣಿಯಲ್ಲಿ ಅದುವರೆಗೆ ಇರಲಿಲ್ಲ. ಹಾಲವ್ವ ತಲೆ ಅಲ್ಲಾಡಿಸಿದಳು. "ಆಗಂಗಿಲ್ಲಕ್ಕಾ. ಎಲಿ ಹೋದ್ರ ಅವರ ಉಸುರು ಹೋದಂಗ."

"ಎರಡ ಎಲಿಗೆ?"

"ಒಂದಕ್ಕೂ ಆಗಂಗಿಲ್ಲ. ಹೋಗಕ್ಕಾ, ಗಾಜಿನ ಮುಂದ ನಿಂದರಬ್ಯಾಡ, ಅವರಿಗೆ ಮಾತಾಡೂ ಆಸೆ ಆಗತೈತಿ."

ಹುಸೇನಬಿ ಸೆರಗು ಹೊದ್ದುಕೊಂಡು ತಿರುಗಿ ನೋಡದೆ ನಡೆದಳು. ಆಗಲೇ ಫಕೀರಪ್ಪ ಮಂಚದ ಮೇಲೆ ಎದ್ದು ಕುಳಿತು ಏನನ್ನೋ ಹೇಳತೊಡಗಿದ. ದನಿ ಬರಲಿಲ್ಲ, ತುಟಿಗಳು ಮಾತ್ರ ಬಹಳ ಹೊತ್ತು ಅಲುಗಾಡಿದವು. ಹಾಲವ್ವ ತುಟಿಯ ಮೇಲೆ ಬೆರಳಿಟ್ಟಳು. ಅವನು ಸುಮ್ಮನಾಗಿ ಗೋಡೆಯ ಕಡೆ ತಿರುಗಿ ಮಲಗಿದ.

ಮುಂದೆ ಎಲೆಗಳು ಹಳದಿಯಾದವು. ತುದಿಯಿಂದ ಶುರುವಾಗಿ ನಡುವಿನ ನರದವರೆಗೆ ಬಣ್ಣ ಇಳಿಯಿತು. ನೀರು ಸರಿಯಿತ್ತು, ಗೊಬ್ಬರ ಸರಿಯಿತ್ತು, ಬೆಳಕೂ ಸರಿಯಿತ್ತು. ಹಾಲವ್ವ ಗಾಜನ್ನು ಮತ್ತೆ ಮತ್ತೆ ಒರೆಸಿದಳು. ಊರಿಗೆ ದೊಡ್ಡ ಧೂಳುಗಾಳಿ ಬಂದೆರಗಿ ಹಾಡುಹಗಲೇ ಕತ್ತಲಾದ ದಿನ, ಬಿಸಿಲಿಲ್ಲದ ಹೊತ್ತಿಗೆಂದು ಗಿಡಗಳ ಮೇಲೆ ಇಟ್ಟಿದ್ದ ದೀಪಗಳು ತಾವಾಗಿ ಹೊತ್ತಿಕೊಂಡರೂ, ಉಸಿರುಗಣ್ಣು ಕೆಂಪಾಯಿತು.

ದವಾಖಾನೆಗೆ ಕರೆ ಮಾಡಿದರೆ ಗಾಡಿ ಹೊರಡುವುದಿಲ್ಲ ಎಂದರು. ಧಾರವಾಡದಲ್ಲಿದ್ದ ಸುನಂದಾ ಹೊಂಬಳ ಪರದೆಯ ಮೇಲೆ ಬಂದರು. ಉಸಿರುಗಣ್ಣು ಕಳಿಸಿದ ಅಳತೆಗಳನ್ನು ನೋಡುತ್ತ ಹೋದಂತೆ ಅವರ ಹುಬ್ಬು ಗಂಟಿಕ್ಕಿತು.

"ಹಾಲವ್ವಾರ, ಗಿಡಕ್ಕ ರೋಗ ಇಲ್ಲ. ಅವು ಉಪಾಸ ಬಿದ್ದಾವ. ಒಳಗ ಇಂಗಾಲಾಮ್ಲನ ಇಲ್ಲ. ನಿಮ್ಮ ಯಜಮಾನ್ರು ಮೊದಲಿನಷ್ಟ ಮಾತಾಡೂದಿಲ್ಲೇನು?"

"ನಾನ ಬಿಡಿಸೀನ್ರಿ. ದಮ್ಮು ಹತ್ತತೈತಿ ಅಂತ."

ಸುನಂದಾ ಮೆಲ್ಲಗೆ ವಿವರಿಸಿದರು. ಫಕೀರಪ್ಪ ಕೂಗಿ ಮಾತಾಡುತ್ತಿದ್ದ ದಿನಗಳಲ್ಲೇ ಆ ತೋಟವನ್ನು ಅವನ ಉಸಿರಿಗೆ ಹೊಂದಿಸಿದ್ದು. ಮಾತಾಡುವವನ ಉಸಿರು ದೊಡ್ಡದು, ಅಲುಗದೆ ಸುಮ್ಮನೆ ಮಲಗಿದವನ ಉಸಿರು ಸಣ್ಣದು. ಉಸಿರು ಸಣ್ಣದಾದಂತೆ ಎಲೆಗೆ ಆಹಾರ ಕಡಿಮೆಯಾಯಿತು. ಎಲೆ ಸೊರಗಿದಂತೆ ಆಮ್ಲಜನಕ ಇಳಿಯಿತು. ಆಮ್ಲಜನಕ ಇಳಿದಂತೆ ಅವನ ಉಸಿರು ಇನ್ನೂ ಸಣ್ಣದಾಯಿತು. ಹೀಗೆ ಅವನೂ ಗಿಡಗಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಾವಿಗೆ ಇಳಿಯುತ್ತಿದ್ದರು.

"ಅಂದ್ರ ನಾನ ಕೊಂದೆ" ಎಂದಳು ಹಾಲವ್ವ.

"ಇಲ್ರೀ. ಅವರು ಮಾತಾಡ್ತಾರೋ ಇಲ್ಲೋ ಅಂತ ಕೇಳಬೇಕಂತ ನನಗ ಹೊಳೀಲಿಲ್ಲ. ತಪ್ಪು ನಂದೂ ಐತಿ." ಸುನಂದಾ ತಡವರಿಸಿದರು. "ಒಂದ ದಾರಿ ಐತಿ, ಆದ್ರ ಖಾತ್ರಿ ಕೊಡಂಗಿಲ್ಲ. ನಾಕೈದು ಮಂದಿ ಒಳಗ ಹೋಗಿ ಜೋರಾಗಿ ಮಾತಾಡಬೇಕು. ಬಾಗಿಲಾ ಒಮ್ಮೆ ತಗದು ಹಾಕಿದ್ರ ಗಾಳಿ ನಿಲ್ಲೂತನಕ ಮತ್ತ ತಗೀಬಾರ್ದು. ಮೊದಲ ಅವರೆಲ್ಲಾ ಇರೂ ಆಮ್ಲಜನಕಾನೂ ತಿಂತಾರ. ಯಜಮಾನ್ರಿಗೆ ಇನ್ನೂ ಕಷ್ಟ ಆಗತೈತಿ. ಎಲಿ ಎಚ್ಚರಾದ್ರ ಆಮ್ಯಾಲೆ ಏರತೈತಿ."

"ಎಚ್ಚರಾಗಲಿಲ್ಲಂದ್ರ?"

ಸುನಂದಾ ಮತ್ತೆ ಅಳತೆಗಳ ಕಡೆ ನೋಡಿದರು.

ಹಾಲವ್ವ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಧೂಳಿಗೆ ಇಳಿದಳು. ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಗೋಡೆ ತಡವುತ್ತ ಓಣಿ ದಾಟಿ, ಎದುರುಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಅದಕ್ಕಿಂತ ದೂರದ ಮನೆಗೆ ಹೋಗುವುದು ಅವಳಿಂದ ಸಾಧ್ಯವಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಹುಸೇನಬಿ ಬಾಗಿಲಲ್ಲೇ ನಿಂತಳು. "ಎರಡ ಎಲಿ ಕೊಡಾಕ ಆಗಲಿಲ್ಲ ನಿನ್ನ ಕೈಲೆ. ಈಗ ನಮ್ಮ ಉಸುರು ಬೇಕಾತು?"

ಹಾಲವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಏಳ, ಏಳ. ಕುಂತ್ರ ಅಂವಾ ಬದುಕತಾನೇನು?" ಹುಸೇನಬಿ ಒಳಗೆ ತಿರುಗಿ ಮಗನನ್ನೂ ಸೊಸೆ ಶಮೀಮಳನ್ನೂ ಕೂಗಿದಳು. "ಕೂಸಿಗೂ ಬಟ್ಟಿ ಸುತ್ತವಾ. ಅಲ್ಲಾರ ಚಲೋ ಗಾಳಿ ಸಿಗತೈತಿ."

ಎಲ್ಲರೂ ಒಳಹೊಕ್ಕು ಬಾಗಿಲು ಮುಚ್ಚಿದರು. ಎಷ್ಟೋ ಕಾಲದ ಮೇಲೆ ಹಾಲವ್ವ ಗಂಡನ ಕೈ ಹಿಡಿದಳು. ಅದು ತಣ್ಣಗಿತ್ತು. ಜೀವನವೆಲ್ಲ ಅವನೇ ಮಾತಾಡಿ ಅವಳು ಕೇಳಿದ್ದಳು. ಈಗ ಮಾತಾಡಬೇಕೆಂದರೆ ಬಾಯಿಗೆ ಏನೂ ಬರಲಿಲ್ಲ.

"ಬೈಯಿ ಅವನ್ನ" ಎಂದಳು ಹುಸೇನಬಿ. "ಬೈಯಾಕ ವಿಷಯ ಹುಡುಕಬೇಕಾಗಂಗಿಲ್ಲ."

ಹಾಲವ್ವ ಬೈದಳು. ಲಗ್ನದಲ್ಲಿ ಅವನು ಗೆಳೆಯರೊಂದಿಗೆ ಹರಟುತ್ತ ಅಕ್ಷತೆಯ ಹೊತ್ತು ಮೀರಿಸಿದ್ದಕ್ಕೆ ಬೈದಳು. ಸಾರಿನ ಉಪ್ಪಿಗೆ ಬೈದಳು, ಗಿರಣಿಗೆ ಬೈದಳು, ಕೂಗಿದ್ದಕ್ಕೆ ಬೈದಳು, ತಾನು ಸುಮ್ಮನಿರು ಎಂದಾಗ ಸುಮ್ಮನಾಗಿಬಿಟ್ಟದ್ದಕ್ಕೆ ಎಲ್ಲಕ್ಕಿಂತ ಜೋರಾಗಿ ಬೈದಳು. ಹುಸೇನಬಿ ಗಿರಣಿಯ ಹಳೆಯ ಜಗಳಗಳನ್ನು ತೆಗೆದಳು. ಮಗ ಸೊಸೆ ತಮ್ಮದನ್ನು ಶುರುಮಾಡಿದರು. ಕೂಸು ಚೀರತೊಡಗಿತು. ಶಮೀಮ ಅದನ್ನು ಸಮಾಧಾನ ಮಾಡಹೋದರೆ ಅತ್ತೆ ತಡೆದಳು: "ಅಳಲಿ ಬಿಡು. ಗಿಡಕ್ಕ ಊಟ ಹಾಕಾಕತ್ತೈತಿ."

ಉಸಿರುಗಣ್ಣು ಕೆಂಪಿನಿಂದ ಗಾಢ ಕೆಂಪಾಯಿತು. ಫಕೀರಪ್ಪನ ಎದೆ ಬಿಟ್ಟು ಬಿಟ್ಟು ಏರುತ್ತಿತ್ತು. ಎಲ್ಲರ ತಲೆಯೂ ಭಾರವಾಯಿತು. ಮಾತು ನಿಲ್ಲಿಸಬೇಡಿ ಎಂದು ಪರದೆಯಿಂದ ಸುನಂದಾ ಬೇಡಿಕೊಳ್ಳುತ್ತಿದ್ದರು. ಹಾಲವ್ವನ ದನಿ ಹರಿದು, ಮಾತೆಲ್ಲ ಮುಗಿದು, ಕೊನೆಗೆ ಬರೀ "ಏನ್ರೀ, ಏನ್ರೀ" ಉಳಿಯಿತು.

ಆಗ ಫಕೀರಪ್ಪನ ತುಟಿ ಅಲುಗಿತು. ಹುಸೇನಬಿ ಬಾಗಿ ನೋಡಿದಳು. ಗಿರಣಿಯವಳಿಗೆ ದನಿ ಬೇಕಿರಲಿಲ್ಲ.

"ಏನಂತಾರಕ್ಕಾ?"

"'ಈಕಿ ಉಂಡಾಳೇನ ಕೇಳು' ಅಂತಾನ."

ಹಾಲವ್ವ ಆ ತಣ್ಣಗಿನ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತಳು. ಅದೂ ಉಸಿರೇ ಅಲ್ಲವೇ! ಅವಳು ತಲೆ ಎತ್ತುವ ಹೊತ್ತಿಗೆ ಬಾಗಿಲ ಮೇಲಿನ ಕೆಂಪು ತುಸು ತೆಳುವಾಗಿತ್ತು. ಗಾಳಿ ನಿಂತು ಬಾಗಿಲು ತೆರೆದಾಗ ಅದು ಹಳದಿಯಾಗಿತ್ತು. ಫಕೀರಪ್ಪ ನಿದ್ದೆ ಮಾಡುತ್ತಿದ್ದ.

ಅದಾದ ಮೇಲೆ ಉಸಿರುಮನೆಗೆ ಮೊದಲು ಹೊರಗಿನ ಗಾಳಿ ನುಗ್ಗದಂತೆ ಜೋಡಿಬಾಗಿಲು ಬಂತು, ಆಮೇಲೆ ಓಣಿಯವರು ಬಂದರು. ದಿನವೂ ಯಾರಾದರೂ ಒಳಗೆ ಕುಳಿತು ಹರಟುತ್ತಾರೆ. ಹೋಗುವಾಗ ಬೇಕಾದವರು ಎರಡು ಎಲೆ ಕಿತ್ತುಕೊಳ್ಳುತ್ತಾರೆ. ಇಂಥ ತೋಟವಿದ್ದವರು ನೆರೆಯವರನ್ನು ಒಳಗೆ ಕರೆಯಬೇಕು ಎಂಬ ನಿಯಮವನ್ನು ಸುನಂದಾ ಹೊಂಬಳ ಹೊಸದಾಗಿ ಸೇರಿಸಿದ್ದಾರೆ. ಫಕೀರಪ್ಪನ ದನಿ ಮಾತ್ರ ಮೊದಲಿನಂತಾಗಲಿಲ್ಲ, ಪಿಸುಮಾತಿಗೇ ನಿಂತಿತು.

ಒಂದು ದಿನ ಹಾಲವ್ವ ಕೇಳಿದಳು: "ಅವತ್ತ ಅಕ್ಕ ಎಲಿ ಕೇಳಾಕ ಬಂದಾಗ ನೀವು ಏನೋ ಹೇಳಾಕ ಬಂದಿದ್ರಿ. ಏನದು?"

ಅವನು ಅವಳ ಮುಖ ನೋಡಿದ. "ಮರ್ತೆ ಬಿಡ" ಎಂದ.

ನಿಜಕ್ಕೂ ಮರೆತನೋ, ಅವಳ ಮನಸ್ಸು ನೋಯದಿರಲೆಂದು ಹಾಗೆ ಹೇಳಿದನೋ ತಿಳಿಯದು. ಆ ತುಟಿಗಳನ್ನು ಓದಬಲ್ಲವಳು ಅಂದು ಗಾಜಿನ ಮುಂದೆಯೇ ನಿಂತಿದ್ದಳು. ಅವಳನ್ನು ಹಾಲವ್ವನೇ ಕಳಿಸಿಬಿಟ್ಟಿದ್ದಳು. ಗಿಡಗಳು ಹೇಗೆ ಚೇತರಿಸಿಕೊಂಡವು ಎಂಬುದನ್ನು ವಿಜ್ಞಾನ ಹೇಳುತ್ತದೆ. ಫಕೀರಪ್ಪ ಅಂದು ಏನು ಹೇಳಹೊರಟಿದ್ದ ಎಂಬುದು ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವಂತೆಯೂ ಇಲ್ಲ.