ಹಗಲಲ್ಲೇ ಉರಿದ ಕೆಂಪು ದೀಪ

"ಅಂಗಡಿಯವ್ರು ಇಲ್ವಾ?"

ಅನ್ವರಿ ಸಾಲ್ಡರಿಂಗ್ ಕಡ್ಡಿ ಕೆಳಗಿಡಲೇ ಇಲ್ಲ. "ಕಣ್ಣೆದುರೇ ಕೂತಿದೀನಲ್ಲ!"

ಬಂದವನು ಮೊಯ್ದು, ಮೂಡಿಗೆರೆ ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೋದವನು. ರೇಡಿಯೋ ರಿಪೇರಿಯ ಅಬ್ದುಲ್ ಮಜೀದರನ್ನು ಹುಡುಕಿಕೊಂಡು ಬಂದಿದ್ದ. ಅವರ ಮಗಳನ್ನು ನೋಡಿದ್ದೇ ತಡ, ಬಂದ ಕೆಲಸವೇ ಮರೆತುಹೋಯಿತು ಪಾಪ!

ತಡವರಿಸಿಕೊಂಡೇ ಹೇಳಿದ. "ದುಬೈನಿಂದ ಭಾವ ಕ್ಯಾಮೆರಾ ತಂದಿದಾರೆ. ಫಿಲ್ಮ್ ತಾನೇ ಸುತ್ಕೊಳ್ಳತ್ತೆ. ಎಸ್ಟೇಟಲ್ಲಿ ಪುನುಗು ಬೆಕ್ಕಿನ ಫೋಟೋ ತೆಗೀಬೇಕು. ದಾರಿಗಡ್ಡ ತಂತಿ ಕಟ್ಟಿದೀನಿ, ತಗುಲಿದ್ರೆ ಕ್ಲಿಕ್ ಆಗತ್ತೆ. ಆದ್ರೆ ಹಗಲು ಕಾಫಿ ಕೊಯ್ಯೋರೆಲ್ಲ ಅದನ್ನೇ ತುಳೀತಾರೆ..."

"ಅಂದ್ರೆ ಹಗಲು ಮಲಗ್ಬೇಕು, ಕತ್ತಲಾದ್ರೆ ತಾನೇ ಏಳ್ಬೇಕು."

"ಆಗತ್ತಾ?"

"ನಾನು ಮಾಡಿದ್ರೆ ಆಗತ್ತೆ."

ಜಂಬ ಅಂದುಕೊಳ್ಳಬೇಡಿ. ಹುಡುಗಿ ಪಾಲಿಟೆಕ್ನಿಕ್ ಮುಗಿಸಿ ಬಂದವಳು. ಬೆಳಕನ್ನು ಗುರುತಿಸುವ ಪುಟ್ಟ ಎಲ್‌ಡಿಆರ್ ಬಿಲ್ಲೆ, ಟ್ರಾನ್ಸಿಸ್ಟರು, ರಿಲೇ ಎಲ್ಲ ಸೇರಿಸಿ ಪೆಟ್ಟಿಗೆ ಮಾಡಿಯೇಬಿಟ್ಟಳು. ಕ್ಯಾಮೆರಾ ಎದ್ದಿದೆ ಅಂತ ತಿಳಿಯಲು ಮೇಲೊಂದು ಕೆಂಪು ಎಲ್‌ಇಡಿ.

ಅವಳ ಅಬ್ಬಾ ಮಜೀದರು ಮಾತ್ರ ಎಚ್ಚರಿಸಿದರು. "ನಿನ್ನ ಹೆಸರಲ್ಲಿ ಹೋಗ್ತಿರೋ ಮೊದಲ ಕೆಲಸ ಮಗಳೇ. ಇದು ಕೈಕೊಟ್ರೆ ಈ ಊರಲ್ಲಿ ಯಾರೂ ನಿನ್ನ ಕೈಗೆ ರೇಡಿಯೋ ಕೊಡಲ್ಲ."

ಕೈಕೊಟ್ಟಿತು!

ವಾರದ ಮೇಲೆ ಮೊಯ್ದು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಕಾಫಿ ಕೊಯ್ಯಲು ಬುಟ್ಟಿ ಹೊತ್ತ ಸಿದ್ದಮ್ಮ, ಅವಳ ಹಿಂದೆ ದ್ಯಾವಮ್ಮ, ಆಮೇಲೆ ಅವರ ನಾಯಿ. ಬೆಕ್ಕು ಒಂದೂ ಇಲ್ಲ.

"ಹಗಲೂ ಎದ್ದೇ ಇರತ್ತೆ ನಿಮ್ಮ ಪೆಟ್ಟಿಗೆ. ರಾತ್ರಿಗೆ ಫಿಲ್ಮೇ ಉಳಿಯಲ್ಲ," ಅಂದ ಮೆಲ್ಲಗೆ.

ಅನ್ವರಿಯ ಮುಖ ಕೆಂಪಾಯಿತು. "ಅಂಗಡಿ ಬಾಗಿಲಲ್ಲಿಟ್ಟು ನೋಡಿಯೇ ಕೊಟ್ಟಿದ್ದು! ನೀವೇ ವೈರ್ ಎಳೆದಾಡಿರ್ತೀರಿ!"

ಅವನು ಫೋಟೋಗಳನ್ನು ಬಾಚಿಕೊಂಡ. ಪೆಟ್ಟಿಗೆ ಎಸ್ಟೇಟಲ್ಲೇ ಇರಲಿ ಅಂತಷ್ಟೇ ಹೇಳಿ ಹೊರಟುಹೋದ.

ಹೋಗಲಿ... ಊರೆಲ್ಲ ಸಾರಿಕೊಂಡು ಬರಲಿ! ಹಾಗಂದುಕೊಂಡಳೇನೋ ನಿಜ. ಆದರೆ ಅವನು ಅಂಗಡಿಗೆ ಬಾರದ ಸಂಜೆಗಳಲ್ಲಿ ಯಾವ ಕೆಲಸವೂ ಕೈಹತ್ತಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಗುಡ್ಡ ಹತ್ತಿ ಎಸ್ಟೇಟಿಗೆ ನಡೆದಳು. ಅಲ್ಲಿನ ಲೆಕ್ಕ ಬರೆಯುವ ರೈಟ್ರು ಗುರುವಯ್ಯ ಎದುರಾದರು.

"ಆ ಪೆಟ್ಟಿಗೆ ಮಾಡ್ದೋಳು ನೀನೇನಮ್ಮ? ಚೆನ್ನಾಗೇ ಇದೆಯಂತಲ್ಲ. ಫಿಲ್ಮ್ ಹಾಳು ಮಾಡಿದ್ದು ತಾನೇ ಅಂತ ಮೊಯ್ದು ಎಲ್ಲರ ಹತ್ರ ಹೇಳ್ಕೊಂಡು ನಗೆಪಾಟಲಾಗಿದಾನೆ. ಬೆಳಿಗ್ಗೆ ಬಂದು ಬ್ಯಾಟರಿ ಬಿಚ್ತಾನೆ, ಸಂಜೆ ಬಂದು ಜೋಡಿಸ್ತಾನೆ. ದಿನಾ ಇದೇ ಗೋಳು!"

ಅನ್ವರಿ ಮುಂದಿನ ಮಾತು ಕೇಳಲು ನಿಲ್ಲಲಿಲ್ಲ.

ಪೆಟ್ಟಿಗೆ ಹತ್ತಿರ ಹೋಗಿ ಬ್ಯಾಟರಿ ಜೋಡಿಸಿದಳು. ನಡುಮಧ್ಯಾಹ್ನ ಎಲ್‌ಇಡಿ ಉರಿಯಿತು! ತಲೆ ಎತ್ತಿದಳು. ತೋಟದ ಈ ಭಾಗದಲ್ಲಿ ಮರಗಸಿ ಆಗಿರಲಿಲ್ಲ. ಯಾರೂ ಕೊಂಬೆ ಸವರದ ಹಲಸು, ಸಿಲ್ವರ್ ಓಕ್‌ಗಳ ನಡುವೆ ಆಕಾಶವೇ ಕಾಣುತ್ತಿರಲಿಲ್ಲ. ಅಂಗಡಿ ಬಾಗಿಲ ಬಿಸಿಲಿಗೆ ಹೊಂದಿಸಿದ ಬಿಲ್ಲೆಗೆ ಈ ನೆರಳೇ ಕತ್ತಲು.

ತಪ್ಪು ನನ್ನದೇ... ಅವನಿಗೆ ಎಂಥ ಮಾತಾಡಿಬಿಟ್ಟೆ! ಕಣ್ಣು ತುಂಬಿ ಬಂತು. ಒರೆಸಿಕೊಂಡು ಸ್ಕ್ರೂಡ್ರೈವರ್ ತೆಗೆದಳು. ಬೆಳಕಿನ ಅಳತೆ ಹೊಂದಿಸುವ ತಿರುಪನ್ನು ದೀಪ ಆರುವವರೆಗೆ ತಿರುಗಿಸಿ, ಸಂಜೆಯಾಗಲಿ ನೋಡೋಣ ಅಂತ ಅಲ್ಲೇ ಕೂತಳು.

ಬ್ಯಾಟರಿ ಜೋಡಿಸಲು ಬಂದ ಮೊಯ್ದು ಅವಳನ್ನು ಕಂಡು ನಿಂತೇಬಿಟ್ಟ.

"ತಪ್ಪನ್ನ ಯಾಕೆ ಮೈಮೇಲೆ ಹಾಕ್ಕೊಂಡ್ರಿ?"

"ಫಿಲ್ಮ್ ಇನ್ನೊಂದು ತರಬಹುದು ಮಾರಾಯ್ರೆ. ನಿಮ್ಮ ಹೆಸರು ಹೋದ್ರೆ ಎಲ್ಲಿಂದ ತರ್ಲಿ?"

"ನಾಳೆ ನಾನೇ ಎಲ್ಲರಿಗೂ ಹೇಳ್ತೀನಿ. ತಪ್ಪು ಮಾಡಿದ್ದೂ ನಾನೇ, ಸರಿ ಮಾಡಿದ್ದೂ ನಾನೇ ಅಂತ. ಆ ಹೆಸರು ಸಾಕು ನಂಗೆ." ಅವಳ ದನಿ ಇಳಿಯಿತು. "ನಿಮ್ಮನ್ನ ಅಂದಿದ್ದಕ್ಕೆ ಮಾತ್ರ... ಕ್ಷಮಿಸಿ."

"ನೀವು ಬೈದ್ರೂ ನಂಗೆ ಇಷ್ಟಾನೇ," ಅಂದವನು ನಾಲಿಗೆ ಕಚ್ಚಿಕೊಂಡ.

ಮಬ್ಬು ಕವಿಯಿತು. ಎಲ್‌ಇಡಿ ತಾನಾಗಿ ಹೊತ್ತಿಕೊಂಡಿತು!

"ಎದ್ದಿತು! ಬನ್ನಿ ಹೋಗೋಣ, ಇಲ್ಲಾಂದ್ರೆ ನಮ್ಮ ಫೋಟೋನೇ ಬೀಳತ್ತೆ," ಅಂದ ಮೊಯ್ದು.

ಅನ್ವರಿ ಅವನ ತೋಳು ಹಿಡಿದು, ಬೇಕೆಂದೇ ತಂತಿ ತುಳಿದಳು. ಫ್ಲ್ಯಾಶ್!

"ಅಯ್ಯೋ! ಏನ್ ಮಾಡಿದ್ರಿ?"

"ಫೋಟೋ ತೊಳೆದು ನಿಮ್ಮಮ್ಮಂಗೆ ತೋರಿಸಿ. ಹುಡುಗಿ ಒಪ್ಪಿದಾಳೆ ಅನ್ನಿ."

ಮೊಯ್ದು ಕ್ಯಾಮೆರಾ ಕಡೆ ನೋಡಿದ, ಅವಳ ಕಡೆ ನೋಡಿದ. "ಹುಡುಗ ಒಪ್ಪಿದಾನಾ ಅಂತ ಕೇಳಲ್ವಾ...?"

"ದಿನಾ ಎರಡು ಸಲ ಈ ಗುಡ್ಡ ಹತ್ತಿದೋನನ್ನ ಕೇಳೋದೇನಿದೆ?"