ಕುರುಗೋಡಿನಲ್ಲಿ ಉರುಳಿದ ರುಮಾಲು

ಕುರುಗೋಡು ಪೊಲೀಸ್ ಠಾಣೆಯ ಚರಿತ್ರೆಯಲ್ಲಿ ೧೯೮೪ರ ಆ ಭಾನುವಾರಕ್ಕೆ ಸಮನಾದ ದಿನ ಇನ್ನೊಂದಿಲ್ಲ. ಅಂದು ಬೆಳಿಗ್ಗೆ, ಗುಡ್ಡದ ಕೆಳಗಿನ ಬಯಲಿನಲ್ಲಿ, ನೆರೆದ ಜನರೆಲ್ಲರ ಕಣ್ಣೆದುರಿಗೆ, ಸಿರುಗುಪ್ಪದ ರೈಸ್‌ಮಿಲ್ ಸಾಹುಕಾರ ದೊಡ್ಡಬಸಪ್ಪನವರ ರುಮಾಲು ನೆಲಕ್ಕೆ ಬಿತ್ತು.

ತಾನಾಗಿ ಬಿದ್ದದ್ದಲ್ಲ. ಆಕಾಶದಿಂದ ಬಂದ ಜೆಟ್ ವಿಮಾನವೊಂದು ಅದನ್ನು ಕೆಡವಿತ್ತು.

ವಿಮಾನದ ತೂಕ ಸಾಹುಕಾರರ ಒಂದು ಜೊತೆ ಚಪ್ಪಲಿಗಿಂತ ಕಡಿಮೆ. ಬಳ್ಳಾರಿಯಲ್ಲಿ ಫಿಜಿಕ್ಸ್ ಪಾಠ ಹೇಳುವ ಕೊಟ್ರಬಸಪ್ಪ ಮೇಷ್ಟ್ರು ವಾಯುಪಡೆಯ ನ್ಯಾಟ್ ಜೆಟ್ಟಿನ ಚಿತ್ರ ಮುಂದಿಟ್ಟುಕೊಂಡು, ಥರ್ಮೋಕೋಲು, ಬಿದಿರುಕಡ್ಡಿ, ಗಾಳಿಪಟದ ಕಾಗದದಲ್ಲಿ ಅದನ್ನು ಕಟ್ಟಿದ್ದರು. ಬೆನ್ನ ಮೇಲೆ ಮದ್ದು ತುಂಬಿದ ಬಿರುಸಿನ ಕೊಳವೆ. ಅದು ಉರಿಯುತ್ತಿರುವವರೆಗೆ ವಿಮಾನ ಏರಬೇಕು, ಆರಿದ ಮೇಲೆ ಹದ್ದಿನ ಹಾಗೆ ತೇಲಬೇಕು. ನೆಲದ ಮೇಲಿನ ಮೇಷ್ಟ್ರು ಕೈಯಲ್ಲಿನ ರೇಡಿಯೋ ಡಬ್ಬಿಯಿಂದ ಅದನ್ನು ತಿರುಗಿಸಬೇಕು. ಏರುವುದೇನೋ ಏರಿತು. ತೇಲಲಿಲ್ಲ. ಮೂತಿ ಎತ್ತಿ, ಗಳಿಗೆ ನಿಂತು, ಬಾಲ ಕೆಳಗಾಗಿ ಪ್ರದರ್ಶನಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದ ಸಾಹುಕಾರರ ತಲೆಗೇ ಬಂತು.

"ನನ್ನ ಕೊಲ್ಲಾಕ ಮಾಡ್ಯಾರ!" ಸಾಹುಕಾರರು ಬೋಳುತಲೆ ಮುಚ್ಚಿಕೊಂಡು ಕೂಗಿದರು. "ಬಿರುಸು ಮಾಡಿದಾಂವ ಮುನಾಫ್ ಅಲ್ಲೇನು? ನಾ ಎಲೆಕ್ಷನ್ ಸೋತ ದಿನ ನಮ್ಮ ಮನಿ ಮುಂದ ಪಟಾಕಿ ಹಚ್ಚಿದಾಂವ!"

ದಫೇದಾರ ಹಾಲಸಿದ್ದಪ್ಪನಿಗೆ ಅಷ್ಟು ಸಾಕಾಯಿತು. ಜನರ ಮುಂದೆಯೇ ಮುನಾಫನ ಕೆನ್ನೆಗೆ ಒಂದು ಬಾರಿಸಿದ. ಮುನಾಫ್ ಸಿರುಗುಪ್ಪದವನು, ಮದುವೆ ಮೆರವಣಿಗೆಗಳಿಗೆ ಮದ್ದು ಕಟ್ಟಿ ಬದುಕುವವನು. ಕೆನ್ನೆ ಒತ್ತಿಕೊಂಡೇ ದಫೇದಾರನ ಹಿಂದೆ ಠಾಣೆಗೆ ನಡೆದ.

* * *

"ನಾಳೆ ಇವನ್ನ ಬಳ್ಳಾರಿ ಕೋರ್ಟಿಗೆ ಕಳಸ್ರಿ," ಎಂದರು ಎಸ್ಸೈ ಎರ್ರಿಸ್ವಾಮಿ. "ಮದ್ದಿನ ಲೈಸೆನ್ಸ್ ರದ್ದು ಮಾಡಾಕೂ ಬರೀತೀನಿ."

"ಆತ್ರಿ ಸರ್."

ಹಾಲಸಿದ್ದಪ್ಪ ಕಟ್ಟುನಿಟ್ಟಿನ ಮನುಷ್ಯ. ಠಾಣೆಗೆ ಬಂದ ಯಾವ ವಸ್ತುವೂ ಅರಗಿನ ಮುದ್ರೆ ಇಲ್ಲದೆ ಅವನ ಕೈ ದಾಟುವಂತಿರಲಿಲ್ಲ. ಹಿಂದೊಮ್ಮೆ ಕಳವಿನ ಕೋಳಿಯೊಂದು ಸಿಕ್ಕಾಗ ಅದರ ಕಾಲಿಗೂ ದಾರ ಕಟ್ಟಿ ಸೀಲು ಒತ್ತಿದ್ದ. ಕೋಳಿ ಆಮೇಲೆ ಕುಂಟುತ್ತಿತ್ತೆಂದು ಊರವರು ಈಗಲೂ ನಗುತ್ತಾರೆ. ಅಂಥವನಿಗೆ ಪುರಾವೆಯಿಲ್ಲದ ಕೇಸು ಗಂಟಲಲ್ಲಿ ಸಿಕ್ಕಿಕೊಂಡಿತು.

ಲಾಕಪ್ಪಿನ ಸರಳಿನ ಹತ್ತಿರ ಹೋದ. "ಖರೇ ಹೇಳಲೇ. ಬಿರುಸಿನ್ಯಾಗ ಏನು ಕಲಸಿದ್ದಿ?"

"ಕೊಳವಿ ನೋಡ್ರಿ, ದಫೇದಾರ್ರ. ಮದ್ದು ಕೆಟ್ಟಿದ್ರ ಕೊಳವಿ ಸಿಡೀತಿತ್ತು."

ನೋಡಿದ. ಬಿರುಸಿನ ಕೊಳವೆ ಒಂದೇ ಸಮ ಉರಿದು ಕಪ್ಪಾಗಿತ್ತು. ಒಂದು ಸೀಳೂ ಇರಲಿಲ್ಲ.

* * *

ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹೋದ. ಮೇಷ್ಟ್ರ ಮನೆ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ. ಮೇಷ್ಟ್ರು ಮಂಕಾಗಿ ಕೂತಿದ್ದರು. ಬಾಗಿಲಲ್ಲಿ ಖಾಕಿ ಕಂಡದ್ದೇ ಅವರ ತಾಯಿ ವೀರಭದ್ರಮ್ಮ ಅಳತೊಡಗಿದರು.

"ನನ್ನ ಹಿಡಕೊಂಡು ಹೋಗಪ್ಪಾ! ದೃಷ್ಟಿ ಆಗಬಾರದಂತ ಅದರ ಮೂತ್ಯಾಗ ತಾಯತ ಇಟ್ಟಾಕಿ ನಾನ."

"ಅವ್ವಾ, ಅದನ್ನ ಶುಕ್ರವಾರನ ತಗದೀನಿ," ಎಂದರು ಮೇಷ್ಟ್ರು. "ಇದ್ದಿದ್ರೂ ಮೂತಿ ಕೆಳಗಾಗಿ ಬೀಳ್ತಿತ್ತು. ಇದು ಬಾಲ ಕೆಳಗಾಗಿ ಬಿದ್ದದ."

"ರೇಡಿಯೋ ಕೈ ಕೊಟ್ಟಿರಬೇಕಲ್ರಿ?" ಹಾಲಸಿದ್ದಪ್ಪ ಕೇಳಿದ.

"ಇಲ್ರಿ. ಮೂತಿ ಇಳಿಸಾಕ ಪೂರಾ ಒತ್ತಿದೆ, ಬಾಲದ ರೆಕ್ಕಿ ಹೊಳ್ಳಿದ್ದು ಕಣ್ಣಾರೆ ಕಂಡೆ. ಆದ್ರ ಬಾಲ ಭಾರ ಇತ್ತು. ಯಾರೋ ಅದಕ್ಕ ಏನೋ ಸೇರಿಸ್ಯಾರ."

"ಹಾರಿಸೋ ಮುಂಚೆ ನೀವು ನೋಡಲಿಲ್ಲೇನ್ರಿ?"

ಮೇಷ್ಟ್ರು ತಲೆಯೆತ್ತಿದರು. "ಪ್ರತಿ ಸಲ ರೆಕ್ಕಿ ಕೆಳಗ ಎರಡು ಬೆರಳು ಕೊಟ್ಟು ತೂಗಿ ನೋಡ್ತೀನ್ರಿ. ಇವತ್ತು ನೀವ ಬಿಡಲಿಲ್ಲ. ಸಾಹುಕಾರ್ರು ಬಂದು ಕುಂತಾರ, ಲಗೂನ ಹಾರಸ್ರಿ ಅಂದ್ರಿ."

ಅಂದದ್ದು ನಿಜ. ಬಿರುಸು, ಮದ್ದು ಎಂಬ ಮಾತು ಕೇಳಿಯೇ ಎಸ್ಸೈ ಶನಿವಾರ ವಿಮಾನವನ್ನು ಠಾಣೆಯಲ್ಲಿ ಇಡಿಸಿದ್ದರು. ಭಾನುವಾರ ಅದನ್ನು ಬಯಲಿಗೆ ತಂದು ಮೇಷ್ಟ್ರ ಕೈಗೆ ಕೊಟ್ಟವನು ಹಾಲಸಿದ್ದಪ್ಪನೇ. ಅದನ್ನು ಠಾಣೆಯಿಂದ ಹೊರಗೊಯ್ಯುವ ಕಾಗದಕ್ಕೆ ಸಾಕ್ಷಿಗಳಾದ ಪಂಚರ ಸಹಿ ಹಾಕಿಸುವುದರಲ್ಲಿ ತಡವಾಗಿತ್ತು.

ವೀರಭದ್ರಮ್ಮ ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ.

* * *

ಸಂಜೆ ಠಾಣೆಯಲ್ಲಿ ಅವನೂ ಲಾಕಪ್ಪಿನ ಮುನಾಫನೂ ಬಿಟ್ಟರೆ ಯಾರೂ ಇರಲಿಲ್ಲ. ಮುರಿದ ವಿಮಾನವನ್ನು ಕೋರ್ಟಿಗೆ ಕಳಿಸಲು ಕಟ್ಟಬೇಕಿತ್ತು. ಒಂದು ರೆಕ್ಕೆಯ ತುದಿ ಹೋಗಿತ್ತು, ಮೈ ಮಾತ್ರ ಮುರಿದಿರಲಿಲ್ಲ. ಮೇಣದಬತ್ತಿ ಹಚ್ಚಿ ಅರಗಿನ ಕಡ್ಡಿ ಹಿಡಿದ. ಬಾಲದ ತುದಿಯಲ್ಲಿ, ಹೊಗೆ ಬಿಡುವ ಜಾಗವೆಂದು ಮೇಷ್ಟ್ರು ಬರೀ ಅಂದಕ್ಕೆ ಬಿಟ್ಟಿದ್ದ ತೂತೊಂದಿತ್ತು. ಅದನ್ನು ಬೆಳಕಿಗೆ ತಿರುಗಿಸಿದ.

ಒಳಗೆ ಕೆಂಪಗೆ ಏನೋ ಹೊಳೆಯಿತು.

ಅರಗು.

ಹಾಲಸಿದ್ದಪ್ಪನ ಕೈಯಲ್ಲಿದ್ದ ಕಡ್ಡಿಯಿಂದ ಅರಗಿನ ಹನಿ ಮೇಜಿನ ಮೇಲೆ ಬಿತ್ತು. ಎಲ್ಲ ನೆನಪಾಯಿತು. ಯಾರೂ ಒಳಗೇನೂ ತುರುಕಬಾರದೆಂದು ಶನಿವಾರ ಅದೇ ತೂತಿಗೆ ಬಟ್ಟೆ ಒತ್ತಿ, ಮೇಲೆ ಸೀಲು ಹಾಕಿದ್ದ. ಸರಕಾರದ ಅರಗು, ಕಂಜೂಸಿ ಯಾಕೆಂದು ಧಾರಾಳವಾಗಿಯೇ ಸುರಿದಿದ್ದ. ಬೆಳಿಗ್ಗೆ ಸೀಲು ಒಡೆದು ಬಟ್ಟೆ ಎಳೆದಿದ್ದ. ಕಣ್ಣಿಗೆ ಕಂಡದ್ದು ಹೋಗಿತ್ತು. ಬಟ್ಟೆಯ ಸಂದಿಯಿಂದ ಇಳಿದದ್ದು ಒಳಗೇ ಗಟ್ಟಿಯಾಗಿತ್ತು.

ಚಾಕುವಿನಿಂದ ಮೀಟಿದ. ನೆಲ್ಲಿಕಾಯಿಯಷ್ಟು ದೊಡ್ಡ ಗಟ್ಟಿ ಅಂಗೈಗೆ ಬಂತು. ಮುಷ್ಟಿ ಬಿಗಿದ. ಹಿತ್ತಲಲ್ಲಿ ಬಾವಿ ಇತ್ತು. ಕಂಡವರು ಯಾರೂ ಇರಲಿಲ್ಲ. ಗಟ್ಟಿಯನ್ನು ಜೇಬಿಗೆ ಹಾಕಿಕೊಂಡ.

"ಅಣ್ಣಾ, ಒಳಗ ಬರಲೇನ್ರಿ?"

ಬಾಗಿಲಲ್ಲಿ ಮುನಾಫನ ಹೆಂಡತಿ ಮದಾರಬೀ. ಕೈಯಲ್ಲಿ ಬುತ್ತಿ. ಗಂಡನಿಗೆ ಸರಳಿನ ಸಂದಿಯಿಂದ ರೊಟ್ಟಿ ಕೊಟ್ಟಳು. ಆಮೇಲೆ ಶೇಂಗಾ ಚಟ್ನಿ ಹಚ್ಚಿದ ಇನ್ನೊಂದು ರೊಟ್ಟಿ ತಂದು ಮೇಜಿನ ಮೇಲಿಟ್ಟಳು.

"ಇವರ ಸಲುವಾಗಿ ನೀವು ಬಳ್ಳಾರಿತನ ಅಡ್ಡಾಡಿ ಬಂದೀರಂತ. ನಿಮ್ಮ ಉಪಕಾರ ಮರೆಯಂಗಿಲ್ರಿ. ತಿನ್ರಿ."

ಹಾಲಸಿದ್ದಪ್ಪ ಒಂದು ತುತ್ತು ಮುರಿದ. ಅದು ಬಾಯಿಯತ್ತ ಹೋಗಲಿಲ್ಲ.

* * *

ಸೋಮವಾರ ಬೆಳಿಗ್ಗೆ ಠಾಣೆಗೆ ಎಲ್ಲರನ್ನೂ ಕರೆಸಿದ. ದೊಡ್ಡಬಸಪ್ಪನವರು ರುಮಾಲನ್ನು ಎಂದಿಗಿಂತ ಬಿಗಿಯಾಗಿ ಸುತ್ತಿಕೊಂಡು ಬಂದರು.

"ಮೇಷ್ಟ್ರ, ತೂಗಿ ತೋರಸ್ರಿ."

ಮೇಷ್ಟ್ರು ಬಿರುಸಿನ ಕೊಳವೆಯನ್ನು ಮೊದಲಿನ ಜಾಗಕ್ಕೆ ಕೂಡಿಸಿ, ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದರು. ವಿಮಾನ ಮೂತಿ ತುಸು ತಗ್ಗಿಸಿ ನಿಂತಿತು. ಹಾಲಸಿದ್ದಪ್ಪ ಜೇಬಿನಿಂದ ಗಟ್ಟಿ ತೆಗೆದು ಬಾಲದೊಳಗಿಟ್ಟ. ಬಾಲ ಧಡ್ಡನೆ ಕೆಳಗಾಯಿತು.

"ಬಿರುಸಿನ ಜೋರು ಇರೋತನ ಭಾರ ಗೊತ್ತಾಗಲಿಲ್ರಿ, ಸರ್," ಎಂದ. "ಉರಿ ಆರಿದ ಕೂಡಲೇ ಬಾಲ ಜಗ್ಗಿತು. ಮದ್ದು ಸರಿ ಇತ್ತು, ರೇಡಿಯೋ ಸರಿ ಇತ್ತು."

ಎಸ್ಸೈ ಗಟ್ಟಿಯನ್ನು ಎತ್ತಿ ಮೂಸಿದರು. "ಇದು ನಮ್ಮ ಅರಗಲ್ಲೇನ್ರಿ?"

"ಹೌದ್ರಿ. ಸುರಿದಾಂವ ನಾನು. ತೂಗಿ ನೋಡಾಕ ಬಿಡದಾಂವನೂ ನಾನ. ಮುನಾಫಂದು ಏನೂ ತಪ್ಪಿಲ್ಲ."

ಸಾಹುಕಾರರು ಕಣ್ಣರಳಿಸಿದರು. "ಅಂದ್ರ ಪೊಲೀಸ್ರಿಗೂ ನನ್ನ ಮ್ಯಾಲ ಸಿಟ್ಟೈತೇನು?"

ಹಾಲಸಿದ್ದಪ್ಪ ಲಾಕಪ್ಪಿನ ಬೀಗ ತೆಗೆದ. ಹೊರಬಂದ ಮುನಾಫನ ಕೆನ್ನೆಯ ಮೇಲೆ ಬಾಸುಂಡೆ ಇನ್ನೂ ಇತ್ತು. ದಫೇದಾರ ಅದನ್ನು ನೋಡಿದ.

"ದಫೇದಾರ್ರ," ಎಂದ ಮುನಾಫ್, "ನಿಮ್ಮ ಕೈ ಎಲ್ಲಾದಕ್ಕೂ ಭಾಳ ಧಾರಾಳ."

ಮುನಾಫನ ಲೈಸೆನ್ಸ್ ಉಳಿಯಿತು. ಹಾಲಸಿದ್ದಪ್ಪನಿಗೆ ಶಿಕ್ಷೆಯೆಂದು ಸಿರಿಗೇರಿ ಠಾಣೆಗೆ ವರ್ಗವಾಯಿತು.